ಚನ್ನಬಸಕ್ಕನ ಏಳು ಗಂಟೆ

ಮೌಲಾಕಾಕಾರಿಗೆ ಮೊಮ್ಮಗಳು ಹುಟ್ಟಿದ ದಿನ ನಮ್ಮೂರಿನ ಗಡಿಯಾರ ಮಧ್ಯಾಹ್ನದೊಳಗೆ ನಲವತ್ತು ನಿಮಿಷ ಮುಂದೆ ಓಡಿತು. ಶಾಲೆ ಬೇಗ ಬಿಟ್ಟಿತು. ಅಂಚೆ ಕಚೇರಿಯ ಕಿಟಕಿ ಜನ ಸಾಲಿನಲ್ಲಿ ನಿಂತಿರುವಾಗಲೇ ಮುಚ್ಚಿತು. ಕ್ಷೌರದಂಗಡಿಯಲ್ಲಿ ಒಬ್ಬನ ಅರ್ಧ ಗಡ್ಡ ಬೋಳಿಸಿದ್ದಾಗ ಊಟದ ಗಂಟೆ ಬಾರಿಸಿತು, ಉಳಿದರ್ಧಕ್ಕೆ ಊಟವಾದ ಮೇಲೆ ಬಾ ಎಂದು ಕಳಿಸಿದರು. ಯಾರಿಗೂ ಸಿಟ್ಟು ಬರಲಿಲ್ಲ. ಹನ್ನೊಂದು ವರ್ಷ ಕಾದು ಮಗಳು ಜೈತುನ ಹೆತ್ತಿದ್ದಾಳೆ, ಅಜ್ಜನಿಗೆ ಅಷ್ಟೂ ಖುಷಿ ಬೇಡವೇ ಎಂದು ಎಲ್ಲರೂ ಸಕ್ಕರೆ ತಿಂದು ಸುಮ್ಮನಾದರು.

ನಮ್ಮೂರಿನಲ್ಲಿ ಗಡಿಯಾರಗಳು ನೋಡಿದವರ ಮನಸ್ಸಿನಂತೆ ನಡೆಯುತ್ತವೆ. ಖುಷಿಯಲ್ಲಿದ್ದವರು ನೋಡಿದರೆ ಮುಂದೆ ಓಡುತ್ತವೆ, ಬೇಸರದಲ್ಲಿದ್ದವರು ನೋಡಿದರೆ ಕಾಲೆಳೆಯುತ್ತವೆ. ಅದಕ್ಕೇ ಮನೆಗಳಲ್ಲಿ ಗೋಡೆ ಗಡಿಯಾರದ ಮೇಲೆ ಟವೆಲ್ ಹೊದಿಸಿರುತ್ತೇವೆ. ಹಲ್ಲಿನ ಡಾಕ್ಟರು ತಮ್ಮದನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ್ದಾರೆ. ಊರಿಗೆಲ್ಲ ಒಂದು ಹೊತ್ತು ಬೇಕಲ್ಲ ಎಂದು ಪುರಸಭೆಯವರು ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹುದ್ದೆ ಮಾಡಿದರು, ಗಡಿಯಾರ ನೋಡುವವರದು. ಕೆಲಸ ಕೇಳಿ ಬಂದವರನ್ನೆಲ್ಲ ಪುರಸಭೆಯ ದೊಡ್ಡ ಗಡಿಯಾರದೆದುರು ಕೂರಿಸಿ ಮೊದಲು ನಗಿಸಿದರಂತೆ, ಆಮೇಲೆ ಬೈದರಂತೆ. ಮೌಲಾಕಾಕಾ ನೋಡುತ್ತಿದ್ದಾಗ ಮಾತ್ರ ಮುಳ್ಳು ಎರಡಕ್ಕೂ ಜಗ್ಗಲಿಲ್ಲ. ಅಂದಿನಿಂದ ಆ ಕೋಣೆಯೊಳಗೆ ಅವರೊಬ್ಬರೇ ಹೋಗಬೇಕು, ಅವರೊಬ್ಬರೇ ನೋಡಬೇಕು, ಅವರು ಗಂಟೆ ಬಾರಿಸಿದರೆ ಊರಿಗೆ ಹೊತ್ತಾಯಿತು.

ನಾನು ಸಾವಂತ್ರಿ, ಊರಿನ ರೇಡಿಯೋ ನಡೆಸುವವಳು. ನಡೆಸುವವಳು ಎಂದರೆ ಮಾತಾಡುವವಳೂ ನಾನೇ, ತಂತಿ ಬೆಸೆಯುವವಳೂ ನಾನೇ, ಕಸ ಗುಡಿಸುವವಳೂ ನಾನೇ. ಚನ್ನಬಸಕ್ಕನ ಖಾನಾವಳಿಯ ಮಾಳಿಗೆಯ ಮೇಲಿನ ಒಂದು ಕೋಣೆ ನಮ್ಮ ಕೇಂದ್ರ. ಅಲ್ಲೊಂದು ಹಳೆಯ ಲಿನಕ್ಸ್ ಕಂಪ್ಯೂಟರ್ ಇದೆ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಪೀಂ ಪೀಂ ಎಂದು ಹೊತ್ತು ಸಾರಿ, ಹಾಡು ಶುರು ಮಾಡುವುದು ಅದರ ಕೆಲಸ. ಪರದೆಯ ಮೂಲೆಯಲ್ಲಿ ಅದು ತೋರಿಸುವ ಗಡಿಯಾರದ ಮೇಲೆ ನಾನು ಹಣೆಗಿಡುವ ಟಿಕಳಿಯ ಹಾಳೆ ಅಂಟಿಸಿಬಿಟ್ಟಿದ್ದೇನೆ, ನನ್ನ ಸಿಡುಕಿಗೆ ಅದು ದಾರಿ ತಪ್ಪದಿರಲಿ ಎಂದು. ಕಂಪ್ಯೂಟರಿನೊಳಗಿನ ಗಡಿಯಾರ ತಾನಾಗಿಯೇ ದಿನಕ್ಕೆ ಒಂದಷ್ಟು ಸೆಕೆಂಡ್ ಆಚೀಚೆ ಆಗುವಂಥದ್ದು, ಹೊರಗಿನಿಂದ ಯಾರಾದರೂ ಸರಿಯಾದ ಹೊತ್ತು ಹೇಳುತ್ತಿರಬೇಕು. ಆಕಾಶದ ಉಪಗ್ರಹಗಳ ಸಂಕೇತ ನಮ್ಮ ಗುಡ್ಡಗಳನ್ನು ದಾಟಿ ಬರುವುದಿಲ್ಲ, ಇಂಟರ್ನೆಟ್ಟೂ ಹಾಗೆಯೇ. ಆದ್ದರಿಂದ ಕಾಕಾರ ಕೋಣೆಯಿಂದ ಒಂದು ತಂತಿ ಎಳೆದಿದ್ದೆ. ಗಂಟೆ ಬಾರಿಸುವಾಗ ಅವರು ಒಂದು ಗುಂಡಿ ಒತ್ತುತ್ತಿದ್ದರು, ಕಂಪ್ಯೂಟರ್ ಅದನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತಿತ್ತು.

ಆ ಕಂಪ್ಯೂಟರಿನಲ್ಲಿ ಹೊತ್ತು ತಿದ್ದುವ ಪ್ರೋಗ್ರಾಂ ಒಂದಿದೆ. ತನಗೆ ಯಾರು ಯಾರು ಹೊತ್ತು ಹೇಳುತ್ತಾರೆಂದು ಅದು ಪಟ್ಟಿ ಇಡುತ್ತದೆ. ನಂಬಿಕೆ ಇರುವವರ ಹೆಸರಿನ ಮುಂದೆ ನಕ್ಷತ್ರ ಹಾಕುತ್ತದೆ, ಸುಳ್ಳು ಹೇಳುವವರ ಮುಂದೆ ಕತ್ತರಿ ಗುರುತು ಹಾಕುತ್ತದೆ. ಎಂಟು ವರ್ಷ ಪಟ್ಟಿಯಲ್ಲಿ ಒಂದೇ ಹೆಸರಿತ್ತು, 'ಮೌಲಾ', ಅದರ ಮುಂದೆ ನಕ್ಷತ್ರ. ಕೂಸು ಹುಟ್ಟಿದ ಮೂರನೇ ದಿನ ನಕ್ಷತ್ರ ಹೋಗಿ ಕತ್ತರಿ ಬಂತು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಒಂದು ದಿನ ಚಹಾ ತಂದುಕೊಡಲು ಮೇಲೆ ಬಂದ ಕಾಕಾ ಪರದೆ ನೋಡಿದರು, ಈ ಗುರುತು ಏನೆಂದು ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದಿದ್ದರೆ ಅವತ್ತು ಹೇಳುತ್ತಿದ್ದೆ.

ಅಂದಿನಿಂದ ಅವರು ಮನೆಗೆ ಹೋಗುವುದನ್ನೇ ಬಿಟ್ಟರು. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆಯೇ ಹೀಗಾದ್ದರಿಂದ ಕೂಸನ್ನು ಅವರು ಇನ್ನೂ ಕಣ್ಣಾರೆ ನೋಡಿರಲಿಲ್ಲ. ಹುಟ್ಟಿದ ಸುದ್ದಿ ಕೇಳಿಯೇ ಗಡಿಯಾರ ಅಷ್ಟು ಓಡಿದ್ದರೆ, ಎತ್ತಿಕೊಂಡರೆ ಏನಾದೀತೆಂದು ಅವರಿಗೆ ಭಯ. ಪುರಸಭೆಯ ಬೆಂಚಿನ ಮೇಲೆಯೇ ಮಲಗತೊಡಗಿದರು. ಮನೆಯಿಂದ ಅವರ ಹೆಂಡತಿ ಬೂಬಮ್ಮ ಚಿಕ್ಕಿ ಊಟದ ಡಬ್ಬಿ ತರುತ್ತಿದ್ದರು. ಕೂಸಿನ ಮಾತು ಎತ್ತಬಾರದೆಂದು ಕಾಕಾ ಆಣೆ ಹಾಕಿಸಿಕೊಂಡಿದ್ದರಿಂದ ಚಿಕ್ಕಿ ಬಾಯಿಗೆ ಸೆರಗು ಒತ್ತಿಕೊಂಡು ಡಬ್ಬಿ ಕೊಟ್ಟು ಹೋಗುತ್ತಿದ್ದರು. ಆದರೆ ಮುಖದ ನಗೆಗೆ ಯಾರು ಆಣೆ ಹಾಕಿಯಾರು? ಅವತ್ತು ಕೂಸು ಸೀನಿರಬೇಕು, ಅಥವಾ ಕಣ್ಣು ಬಿಟ್ಟು ದೀಪ ನೋಡಿರಬೇಕು ಎಂದು ಕಾಕಾ ತಾವೇ ಊಹಿಸಿಕೊಳ್ಳುತ್ತಿದ್ದರು, ಮುಳ್ಳು ಮತ್ತೆ ಹತ್ತು ನಿಮಿಷ ಮುಂದೆ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿಯೇ ಮೇಲಿನ ಕಚೇರಿಯಿಂದ ಕಾಗದ ಬಂತು. ನಿಮ್ಮ ಏಳು ಗಂಟೆ ಊರ ಹೊರಗಿನ ಏಳು ಗಂಟೆಗೆ ಹೊಂದುತ್ತಿಲ್ಲವೆಂದು ದೂರು ಬಂದಿದೆ, ಬರುವ ಸೋಮವಾರದಿಂದ ಮೂರು ಬೆಳಿಗ್ಗೆ ನಮ್ಮ ಅಧಿಕಾರಿ ಬಂದು ಕೇಳುತ್ತಾರೆ, ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪ್ರಸಾರದ ಪರವಾನಗಿ ರದ್ದು ಎಂದು ಅದರಲ್ಲಿತ್ತು. ನಾನು ಕಾಗದವನ್ನು ಮುದುರಿ ಎಸೆದೆ, ಮತ್ತೆ ಹೆಕ್ಕಿ ನೀಟು ಮಾಡಿ ಓದಿದೆ. ಅಕ್ಷರ ಬದಲಾಗಿರಲಿಲ್ಲ. ಕಾಕಾ ಓದಿದವರೇ, ಜೈತುನಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಿಬಿಡುತ್ತೇನೆ, ಸುದ್ದಿಯೇ ಕಿವಿಗೆ ಬೀಳದಿದ್ದರೆ ನನ್ನ ಮನಸ್ಸು ಮೊದಲಿನಂತೆ ಸುಮ್ಮನಾಗುತ್ತದೆ ಎಂದರು. ನಲವತ್ತು ದಿನವೂ ತುಂಬದ ಬಾಣಂತಿಯನ್ನು ಬಸ್ಸು ಹತ್ತಿಸುವ ಮಾತು. ನನಗೆ ಮೈಯೆಲ್ಲ ಉರಿಯಿತು, ಹಾಗೇನಾದರೂ ಮಾಡಿದರೆ ರೇಡಿಯೋಕ್ಕೆ ನಾನೇ ಬೀಗ ಹಾಕುತ್ತೇನೆಂದು ಕೂಗಾಡಿದೆ. ಬುಧವಾರದವರೆಗೆ ತಡೆಯುತ್ತೇನೆ ಎಂದಷ್ಟೇ ಅವರು ಒಪ್ಪಿದರು.

ಕೂಗಾಡಿ ಸುಸ್ತಾಗಿ ಮಾಳಿಗೆಯ ಕೋಣೆಯಲ್ಲಿ ನೆಲಕ್ಕೆ ಕೂತಾಗ ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಎಂಟು ವರ್ಷದಿಂದ ಕೇಳುತ್ತಿದ್ದೆ, ಅವತ್ತು ಮೊದಲ ಸಲ ಕಿವಿಗೊಟ್ಟೆ. ಸಣ್ಣ ಪುಟ್ಟ ಹೊತ್ತನ್ನು ನಮ್ಮೂರಿನವರು ರೊಟ್ಟಿಯಲ್ಲೇ ಅಳೆಯುವುದು. ನಾಕು ರೊಟ್ಟಿ ಆಗುವುದರೊಳಗೆ ಬರುತ್ತೇನೆ ಎನ್ನುತ್ತಾರೆ, ಎರಡು ರೊಟ್ಟಿ ಹೊತ್ತು ಕುದಿಸಿ ಇಳಿಸು ಎನ್ನುತ್ತಾರೆ. ಆ ಲೆಕ್ಕಕ್ಕೆ ಹಿಡಿಯುವುದು ಚನ್ನಬಸಕ್ಕನ ರೊಟ್ಟಿಯನ್ನು. ಆಕೆ ಐವತ್ತು ಸಲ ತಟ್ಟುತ್ತಾಳೆ, ಆಮೇಲೆ ರೊಟ್ಟಿ ಎತ್ತಿ ಹಂಚಿಗೆ ಹಾಕಿ, ನೀರು ಸವರಿ, ಮುಂದಿನ ಹಿಟ್ಟಿನುಂಡೆ ಹಿಡಿಯುವವರೆಗೆ ಸದ್ದಿಲ್ಲ, ಮತ್ತೆ ಐವತ್ತು. ಆಕೆಗೆ ಸಿಟ್ಟು ಬರುವುದಿಲ್ಲವೆಂದಲ್ಲ. ಸಿಟ್ಟು ಬಂದರೆ ಬಡಿತ ಜೋರಾಗುತ್ತದೆ, ಬೇಗ ಆಗುವುದಿಲ್ಲ.

ಹಳೆಯ ಹಾಡುವ ಶುಭಾಶಯ ಪತ್ರವೊಂದನ್ನು ಹರಿದು ಒಳಗಿನ ಸದ್ದಿನ ಬಿಲ್ಲೆ ತೆಗೆದೆ. ತಟ್ಟಿದರೆ ಆ ಬಿಲ್ಲೆ ಸಣ್ಣಗೆ ವಿದ್ಯುತ್ತು ಕೊಡುತ್ತದೆ. ಅದನ್ನು ಚನ್ನಬಸಕ್ಕನ ರೊಟ್ಟಿ ಮಣೆಯ ಕೆಳಗೆ ಅಂಟಿಸಿ, ತಂತಿಯನ್ನು ಹೊಗೆಗಿಂಡಿಯಿಂದ ಮೇಲೆಳೆದು, ನಡುವೆ ಒಂದು ಸಣ್ಣ ಸರ್ಕಿಟ್ ಕಟ್ಟಿ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದೆ. ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರಿಸಿದೆ, 'ರೊಟ್ಟಿ'. ಮೊದಲ ದಿನ ಕಂಪ್ಯೂಟರ್ ಅದರ ಮುಂದೆ ಪ್ರಶ್ನೆ ಗುರುತು ಹಾಕಿತು, ಹೊಸಬರನ್ನು ಅದು ಹಾಗೆಲ್ಲ ನಂಬುವುದಿಲ್ಲ. ಎರಡನೇ ದಿನ ಬೆಳಗಿನ ನೂರಿಪ್ಪತ್ತು ರೊಟ್ಟಿ ಮುಗಿಯುವ ಹೊತ್ತಿಗೆ ಪ್ರಶ್ನೆ ಗುರುತು ಅಳಿದು ನಕ್ಷತ್ರ ಬಂತು. ತಟ್ಟಿಗೂ ತಟ್ಟಿಗೂ ನಡುವೆ ಒಂದು ಸೆಕೆಂಡ್, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಸದ್ದಿಲ್ಲದ ಹತ್ತು ಸೆಕೆಂಡ್ ಸೇರಿದರೆ ಒಂದು ರೊಟ್ಟಿಗೆ ಸರಿಯಾಗಿ ಒಂದು ನಿಮಿಷ. ಒಲೆ ಆರಿರುವಾಗಲೂ ಅಡ್ಡಿಯಿರಲಿಲ್ಲ. ತಾನು ದಿನಕ್ಕೆಷ್ಟು ಜಾರುತ್ತೇನೆಂಬುದನ್ನು ಕಂಪ್ಯೂಟರ್ ಆ ಬಡಿತದಿಂದಲೇ ಕಲಿತು, ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ರೊಟ್ಟಿಯಿಲ್ಲದ ಹೊತ್ತಿನಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ನಾನು ಖುಷಿಗೆ ಕೆಳಗೋಡಿ ಅಕ್ಕನ ಹಿಟ್ಟಿನ ಕೈಯನ್ನೇ ಹಿಡಿದು ಕುಣಿಸಿದೆ. ಆಕೆ, ಬಿಡಬೇ ಹುಚ್ಚಿ, ಹಂಚು ಕಾದೈತಿ ಎಂದು ಕೈ ಕಿತ್ತುಕೊಂಡಳು.

ಉಳಿದದ್ದು ಒಂದೇ ತೊಡಕು. ಬಡಿತ 'ಈಗ, ಈಗ, ಈಗ' ಎನ್ನುತ್ತದೆಯೇ ಹೊರತು ಯಾವ ಈಗ ಎಂದು ಹೇಳುವುದಿಲ್ಲ. ಒಂದು ಸಲವಾದರೂ ಹೊರಗಿನವರ ಹೊತ್ತನ್ನು ಊರೊಳಗೆ ತರಬೇಕಿತ್ತು. ನಮ್ಮ ಕಣಿವೆಯ ಬಾಯಿ ದಾಟಿದರೆ ಗಡಿಯಾರಗಳು ಯಾರ ಮಾತೂ ಕೇಳುವುದಿಲ್ಲ, ಮೊಬೈಲಿಗೂ ಸಿಗ್ನಲ್ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಸೈಕಲ್ಲಿನ ಮೇಲೆ ಅಲ್ಲಿಗೆ ಹೋದೆ, ಕೈಯಲ್ಲೊಂದು ಕನ್ನಡಿ ಹಿಡಿದುಕೊಂಡು. ಆರೂವರೆಗೆ ಸರಿಯಾಗಿ ಎಳೆಬಿಸಿಲನ್ನು ಖಾನಾವಳಿಯ ಬಾಗಿಲಿಗೆ ಹೊಳೆಯಿಸಿದೆ. ಬಾಗಿಲಿಗೆ ಮುಖ ಮಾಡಿ ಒಲೆ ಹೊತ್ತಿಸಿಕೊಂಡು ಕೂತಿದ್ದ ಚನ್ನಬಸಕ್ಕ ಹೊಳಪು ಕಂಡೊಡನೆ ಅವತ್ತಿನ ಮೊದಲ ತಟ್ಟು ತಟ್ಟಬೇಕು, ನಾನು ಬರುವವರೆಗೆ ರೊಟ್ಟಿ ಎಣಿಸುತ್ತಿರಬೇಕು, ಇದು ನಮ್ಮ ಒಪ್ಪಂದ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಂದು ಎಷ್ಟಾಯಿತು ಎಂದು ಕೇಳಿದೆ. ಹದಿನೆಂಟನೇದು ಹಂಚಿಗೆ ಬಿತ್ತು ಎಂದಳು. ಮೆಟ್ಟಿಲು ಹಾರಿ ಮೇಲೆ ಹೋಗಿ, ಮುಂದಿನ ಮೊದಲ ತಟ್ಟಿಗೆ ಆರು ನಲವತ್ತೆಂಟು ಎಂದು ಕಂಪ್ಯೂಟರಿಗೆ ಹೇಳಿದೆ.

ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನವೂ ನಾನು ಹೆಮ್ಮೆಯಿಂದ ಬೀಗುತ್ತ ಏಳು ಗಂಟೆ ಸಾರಿದೆ. ಅಧಿಕಾರಿ ಪದ್ಮಾಕ್ಷಿ ಮೇಡಂ ಕಣಿವೆಯ ಆಚೆ ಜೀಪು ನಿಲ್ಲಿಸಿ, ಮೊಹರು ಹಾಕಿದ ಗಡಿಯಾರ ಎದುರಿಟ್ಟುಕೊಂಡು ಕೇಳಿದರು. ಬುಧವಾರ ಹತ್ತೂವರೆ ಸುಮಾರಿಗೆ ಊರೊಳಗೆ ಬಂದರು. ತೆಳ್ಳಗಿನ ಹೆಂಗಸು, ಹೆಗಲಲ್ಲಿ ಚೀಲ, ಮಾತು ಅಳೆದಷ್ಟೇ. ನನ್ನ ಹಲ್ಲುಕಿರಿತ ನೋಡಿ ಅವರಿಗೆ ಹೇಳಲು ಕಷ್ಟವಾಗಿರಬೇಕು, ಸ್ವಲ್ಪ ಹೊತ್ತು ಚೀಲದೊಳಗೆ ಏನೋ ಹುಡುಕಿದರು.

"ಒಂದು ನಿಮಿಷ ಹಿಂದೆ ಇದೀರಿ. ಅದರ ಮೇಲೆ ಕಾಲು ಸೆಕೆಂಡ್. ಮೂರು ದಿನವೂ ಅಷ್ಟೇ, ಒಂದಿಷ್ಟೂ ಆಚೀಚೆ ಇಲ್ಲ," ಎಂದರು. "ತಪ್ಪು ಗಡಿಯಾರ ಬೇಕಾದಷ್ಟು ನೋಡಿದೀನಿ. ಇಷ್ಟು ಸರಿಯಾಗಿ ತಪ್ಪಿರೋದನ್ನ ನೋಡಿಲ್ಲ. ಆದರೆ ನಿಯಮ ನಿಯಮವೇ."

ಕಾಲು ಸೆಕೆಂಡ್ ಅಕ್ಕ ಹೊಳಪು ನೋಡಿ ಕೈ ಎತ್ತಿದ್ದಕ್ಕೆ, ಅದು ಲೆಕ್ಕಕ್ಕೆ ಸಿಗುತ್ತದೆ. ಒಂದು ಇಡೀ ನಿಮಿಷ ಎಲ್ಲಿ ಹೋಯಿತು? ಕನ್ನಡಿ, ಸೈಕಲ್ಲು, ತಂತಿ, ಎಲ್ಲವನ್ನೂ ತಲೆಯೊಳಗೆ ಮತ್ತೆ ಮತ್ತೆ ತಿರುವಿ ಹಾಕಿದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮೌಲಾಕಾಕಾ ಒಳಗೆ ಬಂದು ನನ್ನ ತಲೆ ಸವರಿದರು.

"ಹೋಗಲಿ ಬಿಡವಾ. ಮಧ್ಯಾಹ್ನದ ಬಸ್ಸಿಗೆ ಜೈತುನನ್ನ ಕಳಸ್ತೀನಿ. ನನ್ನ ಖುಷಿ ಊರಿಗೆ ಭಾರ ಆಗೋದು ಬ್ಯಾಡ," ಎಂದರು.

ಮೇಡಂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದೇಶದ ಕಾಗದ ಕೊಡುವ ಮುಂಚೆ ಉಂಡು ಹೋಗಿರೆಂದು ಚನ್ನಬಸಕ್ಕ ಕೂರಿಸಿದಳು. ಶತ್ರು ಬಂದರೂ ಹಸಿದು ಹೋಗಬಾರದೆಂಬ ಹೆಂಗಸು ಅವಳು. ಬೆಳಗಿನ ಒಲೆ ಆರಿತ್ತು, ಮಧ್ಯಾಹ್ನದ ಊಟಕ್ಕೆಂದು ಮತ್ತೆ ಹೊತ್ತಿಸಿದಳು. ಹಸಿದ ಮೇಡಂ ತಮ್ಮ ಕೈಗಡಿಯಾರ ನೋಡಿ ನೋಡಿ ಅದನ್ನು ಪೂರಾ ನಿಲ್ಲಿಸಿಬಿಟ್ಟಿದ್ದರು. ಬೇರೆ ಕೆಲಸವಿಲ್ಲದೆ ಬಡಿತ ಎಣಿಸುತ್ತ, ರೊಟ್ಟಿ ಎಣಿಸುತ್ತ ಕೂತರು. ಅಳೆಯುವ ಕೆಲಸದವರಿಗೆ ಊಟಕ್ಕೆ ಕೂತಾಗಲೂ ಆ ಚಾಳಿ ಬಿಡುವುದಿಲ್ಲ.

ಬಿಸಿ ರೊಟ್ಟಿಗಳು ಬುಟ್ಟಿಯಲ್ಲಿ ಬಂದವು. ಮೇಡಂ ಬುಟ್ಟಿಯನ್ನೂ ಒಲೆಯನ್ನೂ ನೋಡಿದರು. ಆರು ಬಡಿದಿರಿ, ಇಲ್ಲಿ ಐದೇ ಇದೆಯಲ್ಲ ಎಂದರು. ಚನ್ನಬಸಕ್ಕ, ಐದೇ ಬಡಿದಿದ್ದು ಎಂದಳು. ನಾನು ಎಣಿಸಿದ್ದೇನೆ, ಆರು ಎಂದು ಅವರು ಪಟ್ಟು ಹಿಡಿದರು.

"ಮೊದಲನೇದು ಆಕಳದ್ರಿ ಮೇಡಂ," ಎಂದಳು ಚನ್ನಬಸಕ್ಕ, ಹಿತ್ತಲ ಬಾಗಿಲ ಕಡೆ ಗಲ್ಲ ತೋರಿಸಿ. "ಅದನ್ಯಾರ ಎಣಸ್ತಾರ?"

ನಾನು ಕೂತಲ್ಲಿಂದ ಎದ್ದುಬಿಟ್ಟೆ. ನಮ್ಮೂರಿನ ಯಾವ ಮನೆಯಲ್ಲೂ, ಒಲೆ ಹೊತ್ತಿಸಿದ ಮೇಲೆ ಮೊದಲು ಬಡಿದ ರೊಟ್ಟಿ ಮನೆಯವರದಲ್ಲ. ಅದು ಆಕಳದ್ದು, ಎಣಿಕೆಗೆ ಹಿಡಿಯುವಂತಿಲ್ಲ. ನಾನು ಸಣ್ಣವಳಿದ್ದಾಗ ಅದನ್ನು ಎಣಿಸಿದ್ದಕ್ಕೆ ಅವ್ವನ ಕೈಯಲ್ಲಿ ತಿಂದ ಪೆಟ್ಟು ಇನ್ನೂ ನೆನಪಿದೆ. ಅಕ್ಕಾ, ಕನ್ನಡಿ ಹೊಳೆದ ದಿನ ಹದಿನೆಂಟು ಎಂದೆಯಲ್ಲ, ಆಕಳದ್ದು ಸೇರಿಸಿದ್ದೆಯಾ ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿದ ರೀತಿಯಲ್ಲೇ ಉತ್ತರ ಸಿಕ್ಕಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುತ್ತಲೇ ಅತ್ತೆ. ತಪ್ಪು ಆಕೆಯದೂ ಅಲ್ಲ, ನಾನೇ ಮಣೆಯ ಮುಂದೆ ಕೂತು ಎಣಿಸಿದ್ದರೂ ಹದಿನೆಂಟೇ ಎನ್ನುತ್ತಿದ್ದೆ. ಕಂಪ್ಯೂಟರ್ ಕೂಡ ಏನೂ ತಪ್ಪು ಮಾಡಿರಲಿಲ್ಲ, ನಾವು ಹೇಳಿದ್ದನ್ನು ನಂಬಿತ್ತು ಅಷ್ಟೇ.

ಮೇಡಂಗೆ ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಅವರು ನಾಲ್ಕನೇ ರೊಟ್ಟಿಗೆ ಕೈ ಹಾಕಿದ್ದರು. ಮೇಲೆ ಬಂದು ಪರದೆ ನೋಡಿದರು, 'ರೊಟ್ಟಿ'ಯ ಮುಂದಿನ ನಕ್ಷತ್ರ ನೋಡಿದರು. ನಾನು ಅವರೆದುರಿಗೇ ಒಂದು ನಿಮಿಷ ಸೇರಿಸಿದೆ. ಆದೇಶ ಇನ್ನೂ ಚೀಲದಲ್ಲಿಯೇ ಇದೆ, ಕೈಗೆ ಕೊಡುವ ತನಕ ಅದು ಬರೀ ಕಾಗದ, ನಾಳೆ ಇನ್ನೊಮ್ಮೆ ಕೇಳುತ್ತೇನೆ ಎಂದರು. ಸರಿಯಿದ್ದರೆ ಜೀಪಿನ ಹಾರ್ನು ಹೊಡೆಯುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಬಂದು ಕಾಗದ ಕೊಡುತ್ತೇನೆ ಎಂದು ಹೇಳಿ, ಉಳಿದ ರೊಟ್ಟಿಯನ್ನು ದಾರಿಗೆಂದು ಕಟ್ಟಿಸಿಕೊಂಡು ಹೋದರು. ಕಾಕಾ ಬಸ್ಸಿನ ಮಾತನ್ನು ಒಂದು ದಿನ ಮುಂದೆ ಹಾಕಿದರು.

ಗುರುವಾರ ಬೆಳಿಗ್ಗೆ ಖಾನಾವಳಿಯ ಮುಂದೆ ಅರ್ಧ ಊರು ನೆರೆದಿತ್ತು. ಯಾರೂ ಮಾತಾಡುತ್ತಿರಲಿಲ್ಲ, ಬಡಿತ ಕೆಡಬಾರದಲ್ಲ. ಚನ್ನಬಸಕ್ಕ ಮಾತ್ರ ಇವರಿಗೇನು ಮನೆಯಲ್ಲಿ ಕೆಲಸವಿಲ್ಲವೇ ಎಂದು ಗೊಣಗುತ್ತ ಎಂದಿನಂತೆಯೇ ತಟ್ಟುತ್ತಿದ್ದಳು. ಕಾಕಾ ಮಾಳಿಗೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಕಂಪ್ಯೂಟರ್ ಪೀಂ ಪೀಂ ಎಂದಿತು, ನಾನು ಏಳು ಗಂಟೆ ಎಂದೆ. ಹಾಡು ಹಚ್ಚಿ ಕಿಟಕಿಗೆ ಬಂದೆ. ಒಂದು ರೊಟ್ಟಿ ಆಯಿತು, ಎರಡು ಆಯಿತು. ಮೂರನೆಯದು ಹಂಚಿಗೆ ಬಿದ್ದಾಗ ಗುಡ್ಡದ ಕಡೆಯಿಂದ ಹಾರ್ನು ಕೇಳಿತು. ಮೇಡಂ ಕಣಿವೆಯಿಂದ ಊರಿನವರೆಗೂ ಅದರ ಮೇಲಿಂದ ಕೈ ತೆಗೆಯದೆ ಬಂದರು.

ಜನ ಚನ್ನಬಸಕ್ಕನನ್ನು ಎತ್ತಿಕೊಳ್ಳಲು ಹೋಗಿ ಬೈಸಿಕೊಂಡರು. ನಾನು ಮೆಟ್ಟಿಲಿಳಿದು ಕಾಕಾರ ಕೈ ಹಿಡಿದೆ. ಇನ್ನು ಊರಿನ ಹೊತ್ತು ನಿಮ್ಮ ಮನಸ್ಸಿನ ಮೇಲಿಲ್ಲ, ಬೇಕಾದಷ್ಟು ಖುಷಿಪಡಿರಿ ಎಂದೆ. ಅವರು ಏಳಲಿಲ್ಲ. ಇಪ್ಪತ್ತೆರಡು ವರ್ಷ ನಗೆಯನ್ನೂ ಸಿಟ್ಟನ್ನೂ ಅಳತೆ ಮೀರದಂತೆ ಹಿಡಿದಿಟ್ಟ ಮನುಷ್ಯ, ಬಿಡು ಎಂದರೆ ಹೇಗೆ ಬಿಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು. ಕೊನೆಗೆ ನಾನೇ ಎಳೆದುಕೊಂಡು ಹೋದೆ. ರೇಡಿಯೋದಲ್ಲಿ ಒಂದು ಉದ್ದನೆಯ ತತ್ವಪದ ಓಡುತ್ತಿತ್ತು, ಇಪ್ಪತ್ತೈದು ರೊಟ್ಟಿಯಷ್ಟು ಬಿಡುವಿತ್ತು.

ಬೂಬಮ್ಮ ಚಿಕ್ಕಿ ಬಾಗಿಲಲ್ಲೇ ನಿಂತಿದ್ದರು. ಹೊಸ್ತಿಲು ದಾಟಿದ ಕಾಕಾರ ಕೈಗೆ ಜೈತುನ ಕೂಸನ್ನು ಹಾಕಿದಳು. ಕೂಸು ಕಣ್ಣು ಬಿಟ್ಟು ನೋಡಿ, ಅಜ್ಜನ ಗಡ್ಡಕ್ಕೆ ಕೈ ಹಾಕಿತು. ಗೋಡೆಯ ಗಡಿಯಾರದ ಮೇಲಿದ್ದ ಟವೆಲ್ಲನ್ನು ಆ ಗಡಿಬಿಡಿಯಲ್ಲಿ ಯಾರೋ ಎಳೆದುಬಿಟ್ಟಿದ್ದರು. ಕಾಕಾ ನೀರು ತುಂಬಿದ ಕಣ್ಣೆತ್ತಿ ಒಮ್ಮೆ ಅದರ ಕಡೆ ನೋಡಿದರು ಅಷ್ಟೇ. ಗಡಿಯಾರ ಎಂಟು ಹೊಡೆಯಿತು, ಹಿಂದೆಯೇ ಒಂಬತ್ತು ಹೊಡೆಯಿತು, ಹತ್ತು ಹೊಡೆಯಿತು. ಹನ್ನೆರಡು ಹೊಡೆದು ಮುಗಿಯುವವರೆಗೂ ಅವರು ನಗುತ್ತಲೇ ಇದ್ದರು. ಆಮೇಲೆ ನನ್ನತ್ತ ತಿರುಗಿ, ಊರಿಗೆಲ್ಲ ಹೊತ್ತು ಹೇಳುತ್ತಿದ್ದವರು, ಮೊದಲ ಸಲ ಇನ್ನೊಬ್ಬರನ್ನು ಹೊತ್ತು ಕೇಳಿದರು.

"ಸಾವಂತ್ರಿ, ಖರೇ ಎಷ್ಟಾತವಾ?"

ನಾನು ಬಾಗಿಲಿನಿಂದಾಚೆ ಕಿವಿಗೊಟ್ಟೆ. ಖಾನಾವಳಿಯ ಬಡಿತ ಅಲ್ಲಿಗೂ ಕೇಳುತ್ತಿತ್ತು, ಏಳರಿಂದ ರೊಟ್ಟಿ ಎಣಿಸುತ್ತಲೇ ಬಂದಿದ್ದೆ.

"ಏಳೂ ಇಪ್ಪತ್ರಿ ಕಾಕಾ."

"ಏಳೂ ಇಪ್ಪತ್ತಽ ಏನು?" ಎಂದರು ಅವರು, ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು. "ಹಂಗಾದ್ರ ಇನ್ನೂ ಭಾಳ ಹೊತ್ತೈತಿ."